ಲೈನ್ ಕೂರಬೇಕು

ಒಂದು ಮಿಸ್ಡ್ ಕಾಲ್ ಕೊಟ್ಟು ತಾರಾನಾಥ ಕೆಟ್ಟ. ಕೊಡುವ ಮೊದಲು ಯಾಕೂಬನ ಕಂಪ್ಯೂಟರು ಬದುಕಿದೆಯೋ ಸತ್ತಿದೆಯೋ ಎಂದು ಒಮ್ಮೆ ಇಣುಕಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಶುಕ್ರವಾರ ಬೆಳಿಗ್ಗೆ ಎದ್ದವನೇ, ಹಲ್ಲುಜ್ಜುವ ಮೊದಲೇ ಮೊಬೈಲ್ ಒತ್ತಿ, ಊರಿನಲ್ಲಿ ಒಂದು ರಿಂಗ್ ಆದ ಕೂಡಲೇ ಕಟ್ ಮಾಡಿದ.

ಇದು ೨೦೦೪ರ ಮಾತು. ಗಲ್ಫಿನಲ್ಲಿ, ದೋಹಾದ ಹತ್ತಿರದ ಮೆಸಯೀದಿನ ಕಂಪೆನಿ ಕ್ಯಾಂಪಿನಲ್ಲಿದ್ದ ನಮ್ಮ ಕರಾವಳಿಯವರಿಗೆಲ್ಲ ಆಗ ರಿಂಗಿನದೇ ಒಂದು ಭಾಷೆಯಿತ್ತು. ಒಂದು ರಿಂಗ್ ಆಗಿ ನಿಂತರೆ ‘ಫೋನಿನ ಹತ್ತಿರ ಬಂದು ಕೂರು, ಈಗ ಮಾಡ್ತೇನೆ’ ಎಂದು. ಎರಡಾದರೆ ‘ದುಡ್ಡು ಕಳಿಸಿದ್ದೇನೆ’ ಎಂದು. ತಾರಾನಾಥನ ಮನೆಯಲ್ಲಿ ಫೋನಿರಲಿಲ್ಲ, ಗುಡ್ಡೆಯ ಮೇಲಿನ ತನಿಯಣ್ಣನ ಮನೆಯಲ್ಲಿತ್ತು. ಅಲ್ಲಿ ಒಂದು ರಿಂಗ್ ಆಗಿ ನಿಂತರೆ ತನಿಯಣ್ಣ ಅಂಗಳದ ತುದಿಗೆ ಬಂದು ಕೂಗು ಹಾಕಬೇಕು, ತಾರಾನಾಥನ ಹೆಂಡತಿ ಲೀಲಾಕ್ಷಿ ಮಗ ಸೃಜನನನ್ನು ಸೊಂಟಕ್ಕೇರಿಸಿಕೊಂಡು ಗುಡ್ಡೆ ಹತ್ತಬೇಕು. ‘ಬರಬೇಡ, ವಾಪಸ್ ಹೋಗು’ ಎನ್ನುವುದಕ್ಕೆ ಮಾತ್ರ ಯಾವ ಪುಣ್ಯಾತ್ಮನೂ ಒಂದು ರಿಂಗ್ ಗೊತ್ತುಮಾಡಿರಲಿಲ್ಲ.

ಆ ದಿನ ಮಾತಾಡಲೇಬೇಕಿತ್ತು. ತಾರಾನಾಥ ವಿಮಾನ ಹತ್ತುವಾಗ ಸೃಜನ್ ಇನ್ನೂ ಲೀಲಾಕ್ಷಿಯ ಹೊಟ್ಟೆಯಲ್ಲಿದ್ದ. ಸಿಕ್ಕಿದ ಒಂದು ರಜೆಯನ್ನು ಕಂಪೆನಿಗೇ ಬಿಟ್ಟುಕೊಟ್ಟು ಸಂಬಳ ಮಾಡಿಕೊಂಡದ್ದರಿಂದ ಅಪ್ಪ ಮಗ ಇನ್ನೂ ಮುಖ ನೋಡಿರಲಿಲ್ಲ. ಅವರದ್ದೇನಿದ್ದರೂ ಫೋನಿನ ಸಂಬಂಧ. ಹೋದ ಶುಕ್ರವಾರ ತಾರಾನಾಥ ಹೆಡ್‌ಫೋನು ಕಿವಿಗಿಟ್ಟುಕೊಂಡನೋ ಇಲ್ಲವೋ, ಆ ಕಡೆಯಿಂದ ಮಗು ಕೇಳಿತು: “ಪಪ್ಪಾ, ನೀನು ಯಾವಾಗ ಬರುವುದು?”  ಅವನು ಬಾಯಿ ತೆರೆಯುವಷ್ಟರಲ್ಲಿ ಲೈನು ಹೋಯಿತು.

ಮಗು ಅದನ್ನು ಬೇರೆಯೇ ತಿಳಿದುಕೊಂಡಿತು. ಯಾವಾಗ ಬರುವುದು ಎಂದು ಕೇಳಿದ್ದಕ್ಕೆ ಪಪ್ಪನಿಗೆ ಕೋಪ ಬಂದು ಫೋನು ಇಟ್ಟುಬಿಟ್ಟದ್ದು ಎಂದು. ಅಂದಿನಿಂದ ಸರಿಯಾಗಿ ಉಣ್ಣುವುದಿಲ್ಲ, ಕರೆಯದಿದ್ದರೂ ಗುಡ್ಡೆ ಹತ್ತಿ ತನಿಯಣ್ಣನ ಫೋನಿನ ಮೇಜಿನ ಕೆಳಗೆ ಹೋಗಿ ಕೂರುತ್ತದೆ. ಈ ಸುದ್ದಿಯನ್ನು ತಂದವನು ಪಕ್ಕದ ಮಂಚದ ಯಾಕೂಬ್. ಅವನ ಹೆಂಡತಿ ಕುಲ್ಸುಂ ಅದೇ ಊರಿನವಳು. ಮದುವೆಯಾಗಿ ಹತ್ತು ವರ್ಷವಾದರೂ ಅವರಿಗೆ ಮಕ್ಕಳಾಗಿರಲಿಲ್ಲ. ಹಾಗಾಗಿ ಊರಿನ ಮಕ್ಕಳ ಸುದ್ದಿಯೆಲ್ಲ ಆ ಗಂಡ ಹೆಂಡತಿಗೆ ಬಾಯಿಪಾಠ.

ಕ್ಯಾಂಪಿನ ಫೋನು ಇಲಾಖೆಯೂ ಯಾಕೂಬನದ್ದೇ. ಯಾರೋ ಬಿಸಾಡಿದ ಕಂಪ್ಯೂಟರಿಗೆ ನೆಟ್ ಸಿಕ್ಕಿಸಿ, ಕಡಿಮೆಯಲ್ಲಿ ಊರಿಗೆ ಮಾತಾಡುವ ಏರ್ಪಾಡು ಮಾಡಿಕೊಂಡಿದ್ದ. ನೆಟ್ ಫೋನಿಗೆ ಅಲ್ಲಿ ಸರಕಾರದ ನಿಷೇಧ, ಕದ್ದು ಮಾಡುವ ಕೆಲಸ. ಹಾಗಾಗಿ ಕಿಟಕಿಗೆ ಕಂಬಳಿ, ಬಾಗಿಲಿಗೆ ಚಿಲಕ. ನಂಬರು ಒತ್ತುವುದು ಯಾಕೂಬನೇ. ಒತ್ತಿದ ಮೇಲೂ ಹೆಡ್‌ಫೋನನ್ನು ಕೂಡಲೇ ಕೊಡುತ್ತಿರಲಿಲ್ಲ. “ಲೈನ್ ಕೂರಬೇಕು ಮಾರಾಯ. ಸುರುವಿಗೆ ಯಾರಾದ್ರೂ ಬಿಡದೆ ಮಾತಾಡ್ತಾ ಇರ್ಬೇಕು, ಇಲ್ಲದಿದ್ರೆ ಅದು ನಿಲ್ಲುವುದಿಲ್ಲ” ಎನ್ನುವುದು ಅವನ ಶಾಸ್ತ್ರ. ಲೈನ್ ಕೂತ ಮೇಲೆ ಪಾಪ, ಮಾತಾಡುವವನಿಗೆ ಸಿಗುತ್ತಿದ್ದುದು ತನ್ನದೇ ಸ್ವರದ ಪ್ರತಿಧ್ವನಿ ಮತ್ತು ಎಣ್ಣೆಯಲ್ಲಿ ಹಪ್ಪಳ ಬಿಟ್ಟಂಥ ಸದ್ದು. ಆದರೂ ವಾರವಿಡೀ ಎಲ್ಲರೂ ಅದಕ್ಕೇ ಕಾಯುತ್ತಿದ್ದರು.

ಆ ಶುಕ್ರವಾರ ಕಂಪ್ಯೂಟರಿನ ಪರದೆಯಲ್ಲಿ ಒಂದು ಕೆಂಪು ಗೀಟು ಬಿಟ್ಟರೆ ಬೇರೇನೂ ಬರಲಿಲ್ಲ.

“ಮಾಫಿ” ಎಂದ ಯಾಕೂಬ್, ಅಲ್ಲಿಯ ಅರಬ್ಬಿಯಲ್ಲಿ ‘ಇಲ್ಲ’ ಎಂದು. “ಬ್ಲಾಕ್ ಮಾಡಿದ್ದಾರೆ ಅಂತ ಕಾಣ್ತದೆ.”

“ನಾನು ಮಿಸ್ಡ್ ಕಾಲ್ ಕೊಟ್ಟಾಯ್ತಲ್ಲ ಮಾರಾಯ” ಎಂದು ತಾರಾನಾಥ ಮಂಚದ ಮೇಲೆ ಕುಸಿದ.

“ನನ್ನಲ್ಲಿ ಕೇಳದೆ ಎಂತಕ್ಕೆ ಕೊಟ್ಟದ್ದು?”

ಗಲಾಟೆ ಕೇಳಿ ಎದುರು ಕೋಣೆಯ ಮೋನು ಬಂದ. ತ್ರಿಶ್ಶೂರಿನವನು, ಪ್ಲಾಂಟಿನಲ್ಲಿ ಹೆಲ್ಪರ್, ತನಗೆ ಗೊತ್ತಿಲ್ಲದ ಕೆಲಸ ಲೋಕದಲ್ಲಿಲ್ಲ ಎಂದು ನಂಬಿದ್ದವನು. ಪೆಟ್ಟಿಗೆಯ ಹಿಂದೆ ಬೆರಳಾಡಿಸಿ, ಮೂಗಿನ ಹತ್ತಿರ ತಂದು ನೋಡಿ, “ಪೊಡಿಯಾಣ್, ಪೊಡಿ ಮಾತ್ರಂ” ಎಂದು ತೀರ್ಪು ಕೊಟ್ಟ. ಮರಳುಗಾಡಿನ ಧೂಳು ಹೊಕ್ಕಿದೆ, ಒರೆಸಿದರೆ ಸರಿಯಾಗುತ್ತದೆ ಎಂದು. ಯಾಕೂಬ್ ಬೇಡ ಬೇಡ ಎನ್ನುವುದರೊಳಗೆ ಮುಚ್ಚಳ ಬಿಚ್ಚಿ, ಬಟ್ಟೆ ಒದ್ದೆ ಮಾಡಿ, ಒಳಗೆಲ್ಲ ಚೆನ್ನಾಗಿ ಒರೆಸಿದ. ಸ್ವಿಚ್ಚು ಹಾಕಿದಾಗ ಚಟ್ ಎಂದಿತು, ಸಣ್ಣಗೆ ಹೊಗೆ ಬಂತು. ಹೊಗೆಯ ವಾಸನೆ ಹಿಡಿದು ಇಡೀ ಬ್ಲಾಕಿನವರು ಬಾಗಿಲಿಗೆ ಬಂದು ನಿಂತು, ತಲೆಗೊಂದು ಸಲಹೆ ಕೊಟ್ಟು, ತಿಂಡಿಗೆ ಹೋದರು. ಕಂಪ್ಯೂಟರು ಖಲಾಸ್.

ಅಷ್ಟರಲ್ಲಿ ಗುಡ್ಡೆಯ ಮೇಲೆ ಮಗು ಫೋನಿನ ಕೆಳಗೆ ಕೂತಾಗಿದೆ ಎಂದು ತಾರಾನಾಥನಿಗೆ ಗೊತ್ತಿತ್ತು. ಆದದ್ದಾಗಲಿ ಎಂದು ಮೊಬೈಲಿನಿಂದಲೇ ಮಾಡಿದ. ತಿಂಗಳ ಕೊನೆ, ಕಿಸೆ ಖಾಲಿ, ಮೊಬೈಲಿನಲ್ಲಿ ಬ್ಯಾಲೆನ್ಸು ಇದ್ದದ್ದೇ ಒಂದು ಚೂರು. ಈ ಸಲ ಮಗುವಿಗಿಂತ ಮೊದಲು ಫೋನೆತ್ತಿದವನು ತನಿಯಣ್ಣ.

“ಯಾರು, ತಾರಾನಾಥನಾ? ಸೌಖ್ಯವಾ? ಅಲ್ಲಿ ಮಳೆ ಉಂಟಾ?”

“ತನಿಯಣ್ಣ, ಸೃಜನನಿಗೆ ಕೊಡಿ, ಬೇಗ.”

“ಇಲ್ಲಿ ನಿನ್ನೆ ಒಂದು ಮಳೆ ಬಂತು ನೋಡು, ನಮ್ಮ ಹಟ್ಟಿಯ ಮಾಡು...”

ಹಟ್ಟಿಯ ಮಾಡು ಸೋರಿತೋ ಹಾರಿಹೋಯಿತೋ ತಾರಾನಾಥನಿಗೆ ಇಂದಿಗೂ ಗೊತ್ತಿಲ್ಲ. ಬ್ಯಾಲೆನ್ಸು ಮುಗಿದಿತ್ತು. ಮಗುವಿನ ಕಣ್ಣಮುಂದೆ ಇನ್ನೊಮ್ಮೆ ಫೋನು ಕಟ್ಟಾದ ಹಾಗಾಯಿತು. ಮಾಡದೇ ಇದ್ದರೆ ವಾಸಿಯಿತ್ತು.

ಯಾಕೂಬನಿಗೆ ಕನಿಕರ ಬಂತು. “ಏಳು, ದೋಹಾಕ್ಕೆ ಹೋಗುವ. ನಿನ್ನನ್ನು ಇವತ್ತು ಮಾತಾಡಿಸದೆ ನಾನು ಮಲಗುವುದಿಲ್ಲ” ಎಂದ. ಡ್ರೈವರ್ ಇಸ್ಮಾಯಿಲ್ ಪಿಕಪ್ ತೆಗೆದುಕೊಂಡು ಹೊರಟಿದ್ದ. ಅವನ ಹತ್ತಿರ ಒಂದು ಕಾಲಿಂಗ್ ಕಾರ್ಡೂ ಇತ್ತು, ಹೊಚ್ಚ ಹೊಸದು, ಯಾರೋ ಈದ್‌ಗೆ ಕೊಟ್ಟದ್ದು. “ಮಗುವಿಗೆ ಅಲ್ವಾ, ತಕ್ಕೊಳ್ಳಿ” ಎಂದು ಕೊಟ್ಟೇಬಿಟ್ಟ. ತಾರಾನಾಥನಿಗೆ ಅವನ ಕಾಲು ಹಿಡಿಯುವುದೊಂದು ಬಾಕಿ.

ಇಸ್ಮಾಯಿಲ್ ಅಲ್ಲಿಗೇ ನಿಲ್ಲಿಸಬಹುದಿತ್ತು. “ನಿಲ್ಲಿ, ನಾನೇ ಗೀರಿ ಕೊಡ್ತೇನೆ” ಎಂದು ಪೇಪರು ಕೊಯ್ಯುವ ಬ್ಲೇಡು ತೆಗೆದು, ಮೀನಿನ ಹುರುಪೆ ತೆಗೆದ ಹಾಗೆ ಒಂದೇ ಸಮ ಗೀರಿದ. ಬೆಳ್ಳಿ ಬಣ್ಣ ಹೋಯಿತು. ಅದರ ಕೆಳಗಿನ ನಂಬರೂ ಹೋಯಿತು. ಉಳಿದ ಅಂಕೆಗಳಿಗೆ ಅಂದಾಜಿನ ಅಂಕೆ ಸೇರಿಸಿ ಮೂವರೂ ಸರದಿಯಲ್ಲಿ ಒತ್ತಿದರು. ಯಾವುದು ಒತ್ತಿದರೂ ಫೋನಿನೊಳಗಿನ ಹೆಂಗಸು ಬಹಳ ಮರ್ಯಾದೆಯಿಂದ ಅದು ತಪ್ಪು ಎಂದಳು.

ಆಮೇಲೆ ದೋಹಾದ ಅಲ್ ಹಿಲಾಲ್. ಅಲ್ಲೊಂದು ಟೈಲರ್ ಅಂಗಡಿ, ಪರದೆಯ ಹಿಂದೆ ನೆಟ್ ಫೋನು. ಅಲ್ಲಿನ ಕ್ರಮವೆಂದರೆ, ಬಂದವರೆಲ್ಲ ಕೈಯಲ್ಲಿ ಒಂದು ಪ್ಯಾಂಟು ಹಿಡಿದುಕೊಂಡು ಗಿರಾಕಿಗಳ ಹಾಗೆ ಸಾಲಿನಲ್ಲಿ ಕೂರಬೇಕು. ಪ್ಯಾಂಟು ಇಲ್ಲದವರಿಗೆ ಟೈಲರನೇ ಕೊಡುತ್ತಿದ್ದ. ತಾರಾನಾಥ ಯಾರದ್ದೋ ಕಂದು ಪ್ಯಾಂಟನ್ನು ಮಡಿಲಲ್ಲಿಟ್ಟುಕೊಂಡು ಊಟವಿಲ್ಲದೆ ಕಾದ. ಅವನ ಸರದಿ ಬಂದು ಪರದೆ ಸರಿಸುವ ಹೊತ್ತಿಗೆ ಬಾಗಿಲಿನಿಂದ ಯಾರೋ “ಚೆಕಿಂಗ್, ಚೆಕಿಂಗ್” ಎಂದರು. ಟೈಲರು ವೈರು ಕಿತ್ತು ಬಟ್ಟೆಯ ರಾಶಿಗೆ ತುರುಕಿ, ಟೇಪು ತೆಗೆದು ತಾರಾನಾಥನ ಸೊಂಟಕ್ಕೆ ಸುತ್ತಿ ಅಳತೆ ತೆಗೆಯತೊಡಗಿದ. ಒಳಗೆ ಬಂದವನು ಬಿಳಿ ನಿಲುವಂಗಿ, ತೋಬ್ ಧರಿಸಿದ ಒಬ್ಬ ಅರಬ್ಬಿ. ಅಳತೆ ಮುಗಿಯುವವರೆಗೂ ಸುಮ್ಮನೆ ನೋಡುತ್ತ ನಿಂತ. ಸೊಂಟ, ತೊಡೆ, ತೋಳು, ಕೊನೆಗೆ ಏನೂ ತೋಚದೆ ತಲೆಯ ಸುತ್ತಳತೆಯೂ ಆಯಿತು. ಆಮೇಲೆ ಅರಬ್ಬಿ ಮೆಲ್ಲನೆ ಕೇಳಿದ, ತಾನು ಕೊಟ್ಟಿದ್ದ ಕಂದು ಪ್ಯಾಂಟು ರೆಡಿಯಾಯಿತೇ ಎಂದು. ಅದು ತಾರಾನಾಥನ ಕಂಕುಳಲ್ಲಿ ಮುದ್ದೆಯಾಗಿತ್ತು.

ಟೈಲರು ಹೆದರಿದವನು ಮತ್ತೆ ವೈರು ಸಿಕ್ಕಿಸಲಿಲ್ಲ. “ಮುಂದಿನ ವಾರ ಬನ್ನಿ” ಎಂದು ಶಟರ್ ಎಳೆದ.

ಬಿಸಿಲು ಇಳಿಯುತ್ತಿತ್ತು. ಊರಿನಲ್ಲಿ ಆಗಲೇ ಕತ್ತಲಾಗುವ ಹೊತ್ತು. ದೀಪ ಹಚ್ಚಿ ಸ್ವಲ್ಪದರಲ್ಲೇ ಮಗು ಮಲಗಿಬಿಡುತ್ತದೆ. ತಾರಾನಾಥ ಪಿಕಪ್ಪಿನ ಬಾಗಿಲಿಗೆ ಒರಗಿ ನಿಂತು, “ಸಾಕು ಯಾಕೂಬ್, ಹೋಗುವ. ನನ್ನ ಹಣೆಯಲ್ಲಿ ಬರೆದಿಲ್ಲ” ಎಂದ. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲೂ ಇಲ್ಲ.

“ವಾಪಸ್ ಹೋಗುವ ದಾರಿಯಲ್ಲಿ ಐನ್ ಖಾಲಿದ್ ಉಂಟಲ್ಲ, ಅಲ್ಲಿ ಲತೀಫಾಕ ಇದ್ದಾರೆ” ಎಂದ ಯಾಕೂಬ್. “ಕುಲ್ಸುಮಳಿಗೆ ದೂರದಿಂದ ಮಾವ ಆಗ್ಬೇಕು. ಅವರ ಮನೆಯಲ್ಲಿ ಸರಿಯಾದ ಫೋನುಂಟು. ಬೇಡುವುದು ಹೇಗೆ ಅಂತ ಇಷ್ಟು ಹೊತ್ತು ಹೇಳಲಿಲ್ಲ.”

ಲತೀಫಾಕ ಎಂದು ಎಲ್ಲರೂ ಕರೆಯುವ ಅಬ್ದುಲ್ ಲತೀಫ್ ಮಂಗಳೂರು ಕಡೆಯಿಂದ ಬಂದು ಮೂವತ್ತು ವರ್ಷವಾಗಿತ್ತು, ಸ್ವಂತ ಅಂಗಡಿಯಿತ್ತು. ವಿಷಯ ಕೇಳಿದವರೇ, “ಇದಕ್ಕೆ ಇಡೀ ದಿನ ಅಲೆದದ್ದಾ? ಮಗನಲ್ಲಿ ಮಾತಾಡ್ಲಿಕ್ಕೆ ಕೇಳ್ಬೇಕಾ? ಎಷ್ಟು ಹೊತ್ತು ಬೇಕಾದ್ರೂ ಮಾತಾಡಿ” ಎಂದರು. ಎಂದವರು ಫೋನು ಕೊಟ್ಟರೇ? ಇಲ್ಲ. ಬಂದವರು ಖಾಲಿ ಹೊಟ್ಟೆಯಲ್ಲಿದ್ದಾರೆ ಎಂದು ಅವರ ಹೆಂಡತಿ ಸಫಿಯಾ ಕಂಡುಹಿಡಿದರು. ಅಕ್ಕಿರೊಟ್ಟಿಯಂಥ ಪತ್ತಿರಿ ಬಂತು, ಕೋಳಿ ಸಾರು ಬಂತು, ಬೇಡ ಎಂದದ್ದಕ್ಕೆ ಇನ್ನೆರಡು ಪತ್ತಿರಿ ಬಂತು. ತಾರಾನಾಥ ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಣ್ಣು ಫೋನಿನ ಮೇಲೆ ಇಟ್ಟು ನುಂಗಿದ. 

ಕೊನೆಗೂ ಲತೀಫಾಕ ತಾವೇ ನಂಬರು ಒತ್ತಿ ರಿಸೀವರನ್ನು ಅವನ ಕೈಗಿಟ್ಟರು. ಮನೆಯವರೆಲ್ಲ ಸೋಫಾದಲ್ಲಿ ಸಾಲಾಗಿ ಕೂತು, ಸಿನಿಮಾ ಸುರುವಾಗುವುದಕ್ಕೆ ಕಾಯುವವರ ಹಾಗೆ ಅವನ ಮುಖ ನೋಡತೊಡಗಿದರು.

ಎಂಥ ಲೈನು ಅದು. ಹಪ್ಪಳವಿಲ್ಲ, ಪ್ರತಿಧ್ವನಿಯಿಲ್ಲ. ತನಿಯಣ್ಣನ ಅಂಗಳದ ಜೀರುಂಡೆ ಕೂಡ ಕೇಳಿಸುತ್ತಿತ್ತು. ಲೀಲಾಕ್ಷಿ ಉಸಿರು ಬಿಟ್ಟದ್ದು ಅವನ ಕಿವಿಗೇ ತಾಗಿದಂತಾಯಿತು.

“ಬೆಳಿಗ್ಗೆಯಿಂದ ಕೂತಿದ್ದೇವೆ” ಎಂದಳು. “ಮಲಗು ಅಂದ್ರೂ ಕೇಳುವುದಿಲ್ಲ. ಇಗೊಳ್ಳಿ, ಅವನಿಗೆ ಕೊಡ್ತೇನೆ.”

“ಮಗಾ” ಎಂದ ತಾರಾನಾಥ. “ಸೃಜನ್, ನಾನು ಪಪ್ಪ.”

 ಆ ಕಡೆ ಮಗು ಅಮ್ಮನಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: “ಇದು ಪಪ್ಪ ಅಲ್ಲ.”

“ನಾನೇ ಮಗಾ, ಪಪ್ಪನೇ. ನನಗೆ ಕೋಪ ಬರಲಿಲ್ಲ, ಲೈನ್ ಹೋದದ್ದು.”

“ಇದು ಬೇರೆ ಜನ. ನನಗೆ ಪಪ್ಪ ಬೇಕು” ಎಂದು ಮಗು ಅಳಲು ಸುರುಮಾಡಿತು. ಲೀಲಾಕ್ಷಿ ರಮಿಸಿದಳು, ಗದರಿಸಿದಳು. ತಾರಾನಾಥ ಹೆಸರು ಹಿಡಿದು ಕರೆದ, ಗುಬ್ಬಿಯ ಹಾಗೆ ಕೂಗಿ ತೋರಿಸಿದ. ಕರೆದಷ್ಟೂ ಅಳು ಏರಿತು. ಸೋಫಾದಲ್ಲಿದ್ದವರು ನೆಲ ನೋಡತೊಡಗಿದರು.

ಯಾಕೂಬನಿಗೆ ಕೂತಲ್ಲಿ ಕೂರಲಾಗಲಿಲ್ಲ. “ಲೈನ್ ಕೂರಲಿಲ್ಲ, ಅದಕ್ಕೇ. ಇಲ್ಲಿ ಕೊಡು” ಎಂದು ರಿಸೀವರು ಕಿತ್ತುಕೊಂಡು, ಪ್ರತಿ ಶುಕ್ರವಾರದ ರೂಢಿಯಂತೆ ಸುರುಮಾಡಿದ: “ಹಲೋ, ಹಲೋ, ಕೇಳ್ತದಾ ಮಗಾ? ಊಟ ಆಯ್ತಾ? ಮೀನು ತಿಂದಿಯಾ?”

ಅಳು ಕಡಿದು ಬಿದ್ದ ಹಾಗೆ ನಿಂತಿತು.

“ಪಪ್ಪಾ” ಎಂದಿತು ಮಗು. ರಿಸೀವರಿನಿಂದ ಹೊರಬಿದ್ದು ಇಡೀ ಕೋಣೆಗೆ ಕೇಳುವಷ್ಟು ಜೋರಾಗಿ. “ಪಪ್ಪಾ, ಈಗ ಯಾರೋ ಬಂದು ನಾನು ಪಪ್ಪ ಅಂತ ಹೇಳ್ತಿದ್ದ.”

ಯಾಕೂಬನ ಮುಖ ಬಿಳಚಿತು. ರಿಸೀವರನ್ನು ಕೆಂಡದಂತೆ ತಾರಾನಾಥನ ಕಡೆ ಚಾಚಿದ. ತಾರಾನಾಥ ತೆಗೆದುಕೊಳ್ಳಲಿಲ್ಲ. ಅವನಿಗೆ ಈಗ ಎಲ್ಲ ಗೊತ್ತಾಗಿತ್ತು. ರಿಂಗಾದ ಕೂಡಲೇ ಓಡಿ ಬಂದು ಫೋನೆತ್ತುವುದು ಮಗು. ಅದರ ಹತ್ತಿರ ಪ್ರತಿ ವಾರ ಮೊದಲು ಮಾತಾಡುವುದು, ಊಟ ಕೇಳುವುದು, ನಗಿಸುವುದು ಯಾಕೂಬ್. ತನ್ನ ಸರದಿ ಬರುವಾಗ ಅದು ಫೋನನ್ನು ಅಮ್ಮನಿಗೆ ಕೊಟ್ಟಿರುತ್ತಿತ್ತು, ಇಲ್ಲವೇ ಲೈನು ಹೋಗಿರುತ್ತಿತ್ತು. ಯಾವಾಗ ಬರುವುದು ಎಂದು ಹೋದ ವಾರ ಕೇಳಿದ್ದೂ ತನ್ನನ್ನಲ್ಲ.

“ಮಾತಾಡು” ಎಂದ ತಾರಾನಾಥ. ಸ್ವರ ಹೊರಡಿಸದೆ, ತುಟಿಯಲ್ಲಿ ಮಾತ್ರ. “ಬಿಡ್ಬೇಡ. ಮಾತಾಡು.”

ಇಬ್ಬರೂ ಒಂದೇ ರಿಸೀವರಿಗೆ ಕಿವಿಕೊಟ್ಟು, ತಲೆಗೆ ತಲೆ ತಾಗಿಸಿ ಕೂತರು.

“ಪಪ್ಪಾ, ನಿನಗೆ ಕೋಪ ಬಂದಿತ್ತಾ?”

ತಾರಾನಾಥ ಪಿಸುಗುಟ್ಟಿದ್ದನ್ನು ಯಾಕೂಬ್ ಹೇಳಿದ: “ಇಲ್ಲ ಮಗಾ, ಯಾವತ್ತೂ ಬರುವುದಿಲ್ಲ.”

“ಯಾವಾಗ ಬರುವುದು?”

“ದೀಪಾವಳಿಗೆ” ಎಂದು ತಾರಾನಾಥ ಯಾಕೂಬನ ಕಿವಿಯಲ್ಲಿ ಹೇಳಿದ. “ದೀಪಾವಳಿಗೆ ಮಗಾ” ಎಂದು ಯಾಕೂಬ್ ಫೋನಿನಲ್ಲಿ ಹೇಳಿದ. 

ಮಗು ಫೋನಿಗೇ ಒಂದು ಮುತ್ತು ಕೊಟ್ಟಿತು. ಅದು ಯಾಕೂಬನ ಕಿವಿಗೆ ಬಿತ್ತು. ಹತ್ತು ವರ್ಷ ಮಕ್ಕಳಿಲ್ಲದ ಆ ಗಂಡಸು ರಿಸೀವರನ್ನು ತಾರಾನಾಥನ ಕೈಗೆ ತುರುಕಿ, ಗೋಡೆಯ ಕಡೆ ತಿರುಗಿ ನಿಂತ. ಸಫಿಯಾ ಸೆರಗಿನಿಂದ ಕಣ್ಣೊರೆಸಿಕೊಂಡರು.

ಲೀಲಾಕ್ಷಿ ಮತ್ತೆ ಫೋನಿಗೆ ಬಂದಳು. ಅವಳಿಗೆ ಮೊದಲೇ ಸಂಶಯವಿತ್ತಂತೆ. ನಿಮಗೆ ಬೇಜಾರಾದೀತು ಎಂದು ಹೇಳಿರಲಿಲ್ಲ ಎಂದಳು. ಆಮೇಲೆ ಮಗುವಿಗೆ ಕೇಳದ ಹಾಗೆ ಸ್ವರ ತಗ್ಗಿಸಿದಳು.

“ಇಲ್ಲಿ ಕೇಳಿ. ದೀಪಾವಳಿಗೆ ಬರುವಾಗ ಯಾಕೂಬಣ್ಣನನ್ನೂ ಕರ್ಕೊಂಡು ಬನ್ನಿ. ಇಲ್ಲದಿದ್ರೆ ಇವನು ನಿಮ್ಮನ್ನು ಮನೆಯೊಳಗೆ ಬಿಡ್ಲಿಕ್ಕಿಲ್ಲ.”

ತಾರಾನಾಥ ಆಯ್ತು ಎಂದು ಫೋನು ಇಟ್ಟ. ಯಾಕೂಬನಿಗೆ ರಜೆ ಸಿಗಲು ಇನ್ನೂ ಒಂದೂವರೆ ವರ್ಷವಿತ್ತು.