ಭಾವನ ಜ್ವರಕ್ಕೆ ಬನೀನು ಅಡ್ಡ

ನಮ್ಮ ಮನೆತನದಲ್ಲಿ ಜ್ವರ ಸುಮ್ಮನೆ ಬಂದು ಸುಮ್ಮನೆ ಹೋಗುವುದಿಲ್ಲ. ನಡುವೆ ಒಂದು ನಾಟಕ ಆಗಲೇಬೇಕು. ಈ ಸಲ ಮಲಗಿದ್ದು ಗುಬ್ಬಿಯಲ್ಲಿರುವ ನಮ್ಮ ಭಾವ, ಅಂದರೆ ಅಕ್ಕನ ಗಂಡ. ಬೀಡಿ ಬಿಟ್ಟೆ ಅಂತ ಅಕ್ಕನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ ಮನುಷ್ಯ. ನಾನು ತುಮಕೂರಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಮಾಡುವವನು. ಮಾತಿಗೆ ಒಗ್ಗರಣೆ ಹಾಕುತ್ತೇನೆ ಅಂತ ಜನ ದೂರುತ್ತಾರೆ. ಈ ಕಥೆಯಲ್ಲಿ ಒಗ್ಗರಣೆಗೆ ಎಣ್ಣೆ ಕಡಿಮೆ.

ಗುಬ್ಬಿ: ಮೂರರಲ್ಲೂ ಫೇಲು

ಮೈ ಕೆಂಡ, ತಲೆನೋವು. ಅಲ್ಲಿನ ಡಾಕ್ಟರು "ಬನೀನು ತೆಗೀರಿ" ಅಂದರು.

"ಶೀತ ಆಗ್ತದೆ ಸಾರ್, ಮೇಲಿಂದಾನೇ ನೋಡಿ" ಅಂದರು ಭಾವ.

ಹೊರಗೆ ಬಿಸಿಲು ಧಗಧಗ. ಡಾಕ್ಟರು ಬನೀನಿನ ಮೇಲೆಯೇ ಸ್ಟೆತಸ್ಕೋಪು ಇಟ್ಟು, ರಕ್ತ ಪರೀಕ್ಷೆಗೆ ಬರೆದರು. ಡೆಂಗಿ, ಮಲೇರಿಯಾ, ಟೈಫಾಯ್ಡ್, ಎಲ್ಲ ನೆಗೆಟಿವ್.

ಅಕ್ಕ ನಿಟ್ಟುಸಿರು ಬಿಟ್ಟಳು. "ಮೂರರಲ್ಲೂ ಫೇಲಾ? ಸ್ಕೂಲಲ್ಲೂ ಹಿಂಗೇ ಅಂತೆ ಇವ್ರು."

ಕುಣಿಗಲ್ಲಿನ ರಸ

ಜ್ವರ ಇಳಿಯಲಿಲ್ಲ. ಕುಣಿಗಲ್ಲಿಂದ ಚಿಕ್ಕಮ್ಮ ಬಸ್ಸಲ್ಲಿ ಒಂದು ಚೀಲ ಪರಂಗಿ ಎಲೆ ಹೊತ್ತು ಬಂದರು. ಡೆಂಗಿ ಅಲ್ಲ ಅಂದರೂ ಕೇಳದೆ ರುಬ್ಬಿದರು. ಭಾವನನ್ನು ನೋಡಲು ಹೋಗಿದ್ದ ನಾನು ಸುಮ್ಮನಿರಬೇಕಿತ್ತು. "ಚಿಕ್ಕಮ್ಮ, ಕಹಿ ಅಂದ್ರೆ ರೋಗ ಇನ್ನೂ ಇದೆ ಅಂತ ಲೆಕ್ಕ. ಇನ್ನೊಂದು ಲೋಟ ಕೊಡ್ಬೇಕು" ಅಂತ ಕಿವಿಯಲ್ಲಿ ಊದಿದೆ.

ಅದು ಭಾವನಿಗೆ ಕೇಳಿಸಿರಬೇಕು. ಪೂರ್ತಿ ಕುಡಿದು, ಕಣ್ಣಲ್ಲಿ ನೀರು ಸುರಿಸುತ್ತಲೇ ಬಾಯಿ ಚಪ್ಪರಿಸಿದರು. "ಕಬ್ಬಿನಹಾಲು ಇದ್ದಂಗದೆ. ನನ್ ಬಾಮೈದನಿಗೂ ಕೊಡಿ, ಪಾಪ."

ನಾನು ಒಂದು ಗುಟುಕಿಗೇ ಕಹಿ ಅಂದೆ. ನನ್ನದೇ ಕಾನೂನಿನ ಪ್ರಕಾರ ಇನ್ನೊಂದು ಲೋಟ ಬಂತು.

ತುಮಕೂರು: ಮಗುಚಿದ ಲೋಟ

ಭಾವ ಬಡಬಡಿಸತೊಡಗಿದ ಮೇಲೆ ತಮಾಷೆ ನಿಂತಿತು. ತುಮಕೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಅಕ್ಕ ಬಾಗಿಲ ಹತ್ತಿರ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಡಾಕ್ಟರಮ್ಮ "ಪೂರ್ತಿ ಮೈ ನೋಡ್ಬೇಕು, ಯಜಮಾನ್ರೇ" ಅಂದರೆ, ಭಾವ ಎರಡೂ ಕೈಯಲ್ಲಿ ಬನೀನು ಹಿಡಿದುಕೊಂಡರು.

ನಾನು ಬಗ್ಗಿ ಕೇಳಿದೆ. "ಏನ್ ಭಾವ ಇದು?" ಅವರು ನನ್ನ ಕಿವಿಗಷ್ಟೇ ಕೇಳುವಂತೆ ಪಿಸುಗುಟ್ಟಿದರು.

"ಕೆರೆ ಏರಿ ಹಿಂದೆ ಪೊದೇಲಿ ಕೂತು ಒಂದ್ ಬೀಡಿ ಸೇದ್ದೆ ಕಣ್ಲಾ. ವಾಸ್ನೆ ಹಿಡೀಬಾರ್ದು ಅಂತ ಅಂಗಿ, ಬನೀನು ಬಿಚ್ಚಿ ಕೊಂಬೆಗೆ ತಗಲಾಕಿದ್ದೆ. ಕಿಡಿ ಬಿದ್ದು ಹೊಟ್ಟೆ ಸುಟ್ಟದೆ. ನಿಮ್ಮಕ್ಕ ನೋಡುದ್ರೆ ಜ್ವರಕ್ಕಿಂತ ಮೊದ್ಲು ಅವ್ಳೇ ನನ್ನ ಮುಗಿಸ್ತಾಳೆ."

ನೀರು ಕುಡಿಸುವ ನೆಪದಲ್ಲಿ ಲೋಟವನ್ನು ಪೂರ್ತಿ ಅವರ ಎದೆ ಮೇಲೆ ಮಗುಚಿದೆ. ನರ್ಸು ಬೈಯುತ್ತಾ ಒದ್ದೆ ಬನೀನು ಎಳೆದು ಹಾಕಿದರು. ಉಡಿದಾರದ ಪಕ್ಕದಲ್ಲೇ ಸುಟ್ಟ ಹಾಗೆ ಕಪ್ಪಗೆ ಒಂದು ಚಕ್ಕೆ!

"ಬೀಡಿ!" ಅಂತ ಅಕ್ಕ ಚೀರಿದಳು. "ನನ್ ತಲೆ ಮೇಲೆ ಆಣೆ ಮಾಡಿ ಬೀಡಿ!"

ಡಾಕ್ಟರಮ್ಮ ಚಕ್ಕೆಯ ಸುತ್ತ ಮೆಲ್ಲಗೆ ಒತ್ತಿದರು. "ನೋವಿದ್ಯಾ? ಇಲ್ವಾ? ಇದು ಬೀಡಿ ಅಲ್ಲಮ್ಮ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಕಚ್ಚಿರೋ ಗುರುತು. ಅದ್ರಿಂದ ಬರೋ ಸ್ಕ್ರಬ್ ಟೈಫಸ್ ಜ್ವರ ಇರ್ಬೇಕು. ಅದಕ್ಕೆ ಬೇರೆ ಪರೀಕ್ಷೆ, ಬೇರೆ ಮಾತ್ರೆ. ಈಗ್ಲೇ ಶುರು ಮಾಡೋಣ."

ಪರೀಕ್ಷೆಯೂ ಅದನ್ನೇ ಹೇಳಿತು. ಮಾತ್ರೆ ಬಿದ್ದ ಎರಡೇ ದಿನಕ್ಕೆ ಜ್ವರ ಇಳಿಯಿತು. ಅಕ್ಕ ಕಿತ್ತಳೆ ಸುಲಿದು ಬಾಯಿಗಿಟ್ಟಳು. "ಸುಮ್ನೆ ಅನುಮಾನಪಟ್ಟೆ ಕಣ್ರೀ." ಭಾವ ದಿಂಬಿಗೆ ಒರಗಿ, "ನಾನು ಆಣೆ ತಪ್ಪೋನಾ?" ಅಂದರು. ನಾನು ಕೆಮ್ಮಿದೆ.

ಮನೆಗೆ ಹೋಗುವ ದಿನ ಡಾಕ್ಟರಮ್ಮ ಬಂದರು. "ಈ ನುಸಿ ಇರೋದು ಪೊದೆ, ಹುಲ್ಲಲ್ಲಿ. ಬರೀ ಮೈಯಲ್ಲಿ ಪೊದೆ ಹತ್ರ ಕೂತಿದ್ರಾ? ಯಾಕೆ ಕೂತಿದ್ರಿ?"

ಅಕ್ಕನ ಕೈಯಲ್ಲಿದ್ದ ಕಿತ್ತಳೆ ತೊಳೆ ಭಾವನ ಬಾಯಿಯ ಹತ್ತಿರವೇ ನಿಂತಿತು.

ಭಾವ ಮೆಲ್ಲಗೆ ಕಂಬಳಿ ಎಳೆದುಕೊಂಡು ಕೈ ಮುಂದೆ ಚಾಚಿದರು. "ಮೇಡಂ, ಇನ್ನೊಂದ್ಸಲ ಮುಟ್ಟಿ ನೋಡಿ. ಜ್ವರ ಮತ್ತೆ ಬಂದಂಗದೆ. ಇನ್ನೊಂದ್ ವಾರ ಇಲ್ಲೇ ಇರ್ತೀನಿ."