ಡಿ ಅಂದ್ರ ದಾಂಡೇಲಿ

ಈ ಸಲದ ದಸರೆಗೆ ನನ್ನ ಎರಡು ಆಯುಧಗಳು ಒಮ್ಮೆಗೇ ಕೈಕೊಟ್ಟವು. ಒಂದು ಲಟ್ಟಣಿಗೆ, ಇನ್ನೊಂದು ಕಾರು. ಲಟ್ಟಣಿಗೆ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಮಾಯವಾಯಿತು. ಕಾರು ಮಾಯವಾಗಲಿಲ್ಲ, ನಿಂತಲ್ಲೇ ಗಡಗಡ ನಡುಗತೊಡಗಿತು. ಲಟ್ಟಣಿಗೆ ಕದ್ದವರು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದ ಮನೆಯ ಶಂಕ್ರೆವ್ವ. ಪೂಜೆಗೆಂದು ಬಂದವಳು ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಎಷ್ಟ ನುಣುಪು ಐತಿ" ಎಂದು ಹೊಗಳಿದ್ದಳು. ಇದಕ್ಕಿಂತ ಹೆಚ್ಚಿನ ಸಾಕ್ಷಿ ನಮ್ಮ ಓಣಿಯಲ್ಲಿ ಯಾರೂ ಕೇಳುವುದಿಲ್ಲ. ಅಂದಿನಿಂದ ನಾನು ಅವಳ ಮುಖ ನೋಡುವುದನ್ನು ಬಿಟ್ಟೆ. ಅವಳು ಹಿತ್ತಲಿಗೆ ಬಂದಾಗೆಲ್ಲ ಗೋಡೆಯ ಈಚೆ ನಿಂತು, "ಕೆಲವ್ರ ಮನ್ಯಾಗ ಈಗೀಗ ಚಪಾತಿ ಭಾಳ ದುಂಡಗ ಆಗಾಕತ್ತಾವಂತ" ಎಂದು ಗಾಳಿಗೆ ಹೇಳುತ್ತಿದ್ದೆ. ಗಾಳಿ ಆ ಮಾತನ್ನು ಮುಟ್ಟಬೇಕಾದಲ್ಲಿಗೆ ಮುಟ್ಟಿಸಿ, ಓಣಿಗೆಲ್ಲ ಹಂಚುತ್ತಿತ್ತು.

ಒಂದು ಲಟ್ಟಣಿಗೆಗೆ ಇಷ್ಟೊಂದು ರಾದ್ಧಾಂತವೇ ಎಂದು ನೀವು ಕೇಳಬಹುದು. ಅದು ನನ್ನ ತವರಿನ ಸಾಗವಾನಿ ಲಟ್ಟಣಿಗೆ. ಅದರಿಂದಲೇ ನನ್ನ ಉದ್ಯೋಗ. ಹಳಿಯಾಳದ ನಮ್ಮ ಅಡುಗೆಮನೆಯಲ್ಲಿ ಹೋಳಿಗೆ, ಚಪಾತಿ ಲಟ್ಟಿಸಿ, ಡಬ್ಬಿಗೆ ತುಂಬಿ, ಕಾರಿನಲ್ಲಿಟ್ಟುಕೊಂಡು ದಾಂಡೇಲಿ ದಾಟಿ ಮೌಳಂಗಿಯ ಹೊಳೆದಂಡೆಯ ಹೋಮ್‌ಸ್ಟೇಗಳಿಗೆ ಮುಟ್ಟಿಸುತ್ತೇನೆ. ನೀರಿನಲ್ಲಿ ತೇಲಿ, ನೆನೆದು, ಹಸಿದು ಬಂದ ಪ್ರವಾಸಿಗರು ನನ್ನ ಹೋಳಿಗೆ ತಿಂದು ಕಣ್ಣು ಮುಚ್ಚುತ್ತಾರೆ. ಹೋಗುವಾಗ ಕಾರಿನಲ್ಲಿ ನಾನೊಬ್ಬಳೇ, ಬರುವಾಗಲೂ ನಾನೊಬ್ಬಳೇ. ಯಾರೂ ಕೂಗುವುದಿಲ್ಲ, ಯಾರೂ ಚಹಾ ಕೇಳುವುದಿಲ್ಲ. ಮದುವೆಯಾದ ಮೇಲೆ ನಾನು ಕಂಡ ಅತಿ ದೊಡ್ಡ ಸುಖ ಅದೇ, ಮುಚ್ಚಿಡುವುದೇಕೆ?

ಗಾಡಿ ಆಟೋಮ್ಯಾಟಿಕ್. ಮೂರು ಪೆಡಲ್‌ಗೆ ಎರಡು ಕಾಲು ಎಂಬ ಲೆಕ್ಕ ನನಗೆ ಯಾವತ್ತೂ ಹೊಂದಿಲ್ಲ. ಗೇರಿನ ಗಾಡಿ ಕಲಿಯಲು ಹೋದಾಗ ಬಸ್‌ಸ್ಟ್ಯಾಂಡಿನ ಎದುರು ಗಾಡಿ ನಿಂತುಬಿಟ್ಟು, ಹಿಂದೆ ಧಾರವಾಡದ ಬಸ್ಸು ಹಾರ್ನ್ ಹೊಡೆದು ಹೊಡೆದು ಅದರ ದನಿಯೇ ಬಿದ್ದುಹೋಗಿತ್ತು. ಆಮೇಲೆ ನಮ್ಮ ಯಜಮಾನರು ಬಸಲಿಂಗಯ್ಯನವರು (ಬೀಜ–ಗೊಬ್ಬರದ ಅಂಗಡಿ, ಬಾಯಿ ತುಂಬ ಉಪದೇಶ) ಈ ಗಾಡಿ ತಂದರು. ಗೇರಿನ ಕಡ್ಡಿಯ ಪಕ್ಕದ ಅಕ್ಷರಗಳನ್ನು ತೋರಿಸಿ ಪಾಠ ಹೇಳಿದರು: "ಪಿ ಅಂದ್ರ ಪಡಸಾಲಿ, ಇದ್ದಲ್ಲೇ ಇರು. ಆರ್ ಅಂದ್ರ ರಿವರ್ಸು. ಎನ್ ಅಂದ್ರ ನಿಲ್ಲು. ಡಿ ಅಂದ್ರ ದಾಂಡೇಲಿ, ಹೋಗು." ಹಿಂದೆ ಕುಳಿತಿದ್ದ ನಮ್ಮ ಅತ್ತೆ ಕಾಶೆವ್ವನವರು ಬಗ್ಗಿ ನೋಡಿ, ಉಳವಿಯ ದೇವರಿಗೆ ಹೋಗಲು ಯಾವ ಅಕ್ಷರ ಎಂದು ಕೇಳಿದರು. ಉಳವಿಯ ಅಕ್ಷರ ಅದರಲ್ಲಿ ಇಲ್ಲವೆಂದು ತಿಳಿದಾಗಿನಿಂದ ಆ ಗಾಡಿಯ ಮೇಲೆ ಅವರಿಗೆ ಅಷ್ಟಕ್ಕಷ್ಟೇ.

ದಸರೆಯ ಮರುದಿನ ಡಿ ಹಾಕಿದೆ. ಗಾಡಿ "ಧಡ್" ಎಂದು ಒದ್ದಿತು. ಬ್ರೇಕ್ ಒತ್ತಿ ನಿಲ್ಲಿಸಿದರೆ ಸ್ಟೇರಿಂಗು, ಸೀಟು, ನನ್ನ ಗಲ್ಲ, ಕಿವಿಯೋಲೆ ಎಲ್ಲ ನಡುಗಿದವು. ಹೊರಟರೆ ಪ್ರತಿ ಗೇರಿಗೂ ಒಂದೊಂದು ಗುದ್ದು. ಮೌಳಂಗಿ ಮುಟ್ಟುವಷ್ಟರಲ್ಲಿ, ಲಟ್ಟಣಿಗೆಯಿಲ್ಲದೆ ಕೈಯಲ್ಲೇ ತಟ್ಟಿದ ಹೋಳಿಗೆಯ ಹೂರಣ ಒಂದು ಕಡೆ, ಕಣಕ ಒಂದು ಕಡೆ ಆಗಿತ್ತು. ಹೋಮ್‌ಸ್ಟೇಯವರು ಇದೇನು ಹೊಸ ತಿಂಡಿ ಎಂದು ಕೇಳಿದರು.

ಯಜಮಾನರು ಒಮ್ಮೆ ಕುಳಿತು ನೋಡಿ, ಗೇರ್ ಬಾಕ್ಸ್ ಹೋಗಿದೆ ಎಂದು ತೀರ್ಪು ಕೊಟ್ಟರು. ನಮ್ಮ ಅತ್ತೆಯ ತವರು ಜೋಯಿಡಾ ಕಡೆ, ಅಲ್ಲಿ ಗೇರು ಅಂದರೆ ಗೋಡಂಬಿ. ದೀಪಾವಳಿಗೆಂದು ತಂದಿಟ್ಟ ಗೇರಿನ ಬಾಕ್ಸು ಹೋಯಿತೆಂದು ತಿಳಿದು ಅವರು ಅಡುಗೆಮನೆಯ ಮಾಡಗಳನ್ನೆಲ್ಲ ಹುಡುಕಿದರು. ಅದೂ ಶಂಕ್ರೆವ್ವನ ಕೆಲಸವೇ ಇರಬೇಕೆಂದು ನಾನೂ ಒಂದು ಮಾತು ಸೇರಿಸಿದೆ. ಡಬ್ಬಿ ಆಮೇಲೆ ಸಿಕ್ಕಿತು, ಬಿಡಿ.

ಮೆಕ್ಯಾನಿಕ್ ಫಯಾಜ ಬಂದು ಯಂತ್ರ ಹಚ್ಚಿ ನೋಡಿದ. ಗೇರ್ ಬಾಕ್ಸಿನಲ್ಲಿ ದೋಷವೇನೂ ಕಾಣುವುದಿಲ್ಲ, ಎಂಜಿನ್ನು ಕೂತಿರುವ ರಬ್ಬರುಗಳು ಹೋಗಿರಬೇಕು, ಅವನ್ನು ಹುಬ್ಬಳ್ಳಿಯಿಂದ ತರಿಸಬೇಕು ಎಂದ. ರಬ್ಬರಿನ ಮೇಲೆ ಕೂತ ಎಂಜಿನ್ನು ಎಷ್ಟು ಕುಣಿದರೂ ಆ ಕುಣಿತ ಗಾಡಿಗೆ ತಾಗುವುದಿಲ್ಲವಂತೆ. ಅವನು ರಬ್ಬರು ತರಿಸುವ ಮೊದಲೇ ನಮ್ಮವರು ಬೇರೆಯೇ ಯೋಚನೆ ಮಾಡಿಬಿಟ್ಟರು. ಮುಂಡಗೋಡದ ಬಾಳೇಶ ಎಂಬ ಗಾಡಿ ವ್ಯಾಪಾರಿಗೆ ಫೋನು ಹಚ್ಚಿ, ಇದನ್ನು ಕೊಟ್ಟು ಗೇರಿನ ಗಾಡಿ ತರುವುದೆಂದು ಮಾತಾಡಿದರು. ರವಿವಾರ ಅವನು ಬರುವವನಿದ್ದ.

"ಗೇರಿನ ಗಾಡಿ ನನಗ ಬರೂದಿಲ್ಲಲ್ಲರಿ" ಎಂದೆ.

"ನಾ ಅದೀನಲ್ಲ. ನಾ ಬಿಟ್ಟ ಬರ್ತೇನಿ ನಿನ್ನ."

ನೀವೇ ವಿಚಾರ ಮಾಡಿ. ದಾಂಡೇಲಿಯ ತನಕ ಇವರು, ಇವರ ಪಕ್ಕದಲ್ಲಿ ನಾನು, ದಾರಿಯುದ್ದಕ್ಕೂ ಯೂರಿಯಾ, ಪೊಟ್ಯಾಶ್ ಮತ್ತು ಉಪ್ಪು ಕಡಿಮೆ ಖರ್ಚು ಮಾಡುವುದು ಹೇಗೆ ಎಂಬ ಉಪನ್ಯಾಸ. ನನ್ನ ಏಕಾಂತ ಸಾಮ್ರಾಜ್ಯವೇ ಹೋಯಿತು. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಸುಳ್ಳೇಕೆ, ಸ್ವಲ್ಪ ಕಣ್ಣೀರೂ ಹಾಕಿದೆ.

ರವಿವಾರ ಬೆಳಿಗ್ಗೆ ಚಟ್ನಿ ತಿರುವುತ್ತಿದ್ದೆ. ಮಿಕ್ಸರು ಕಟಕಟ ಎಂದು ಕಟ್ಟೆಯನ್ನೆಲ್ಲ ನಡುಗಿಸುತ್ತಿತ್ತು. ನೋಡಿದರೆ ಸಾಸಿವೆಯ ಸ್ಟೀಲ್ ಡಬ್ಬಿ ಮಿಕ್ಸರಿನ ಮೈಗೆ ಅಂಟಿಕೊಂಡು ಗೋಡೆಗೆ ಒತ್ತಿ ನಿಂತಿತ್ತು. ಡಬ್ಬಿ ಸರಿಸಿದೆ, ಸದ್ದು ನಿಂತಿತು. ಕೈ ಹಾಗೇ ನಿಂತಿತು. ಮಿಕ್ಸರಿಗೂ ರಬ್ಬರಿನ ಕಾಲು. ಕಾಲು ಸರಿಯಾಗಿಯೇ ಇವೆ. ನಡುವೆ ಏನೋ ಸಿಕ್ಕಿಕೊಂಡರೆ ಮಾತ್ರ ನಡುಕ ಮನೆಗೆಲ್ಲ ಹಬ್ಬುತ್ತದೆ. ಹಾಗಾದರೆ ಗಾಡಿಯಲ್ಲೂ ಸಾಸಿವೆ ಡಬ್ಬಿಯಂಥದ್ದು ಏನೋ ಇರಬೇಕಲ್ಲ!

ಚಟ್ನಿ ಅಲ್ಲೇ ಬಿಟ್ಟು ಅಂಗಳಕ್ಕೆ ಓಡಿ ಬಾನೆಟ್ ಎತ್ತಿದೆ. ಟಾರ್ಚು ಹಿಡಿದು, ಎಂಜಿನ್ನಿಗೂ ಗಾಡಿಯ ಪಕ್ಕದ ತಗಡಿಗೂ ನಡುವಿನ ಸಂದಿಯಲ್ಲಿ ಇಣುಕಿದೆ. ಪೈಪುಗಳ ಕೆಳಗೆ ಕರ್ರಗೆ ಒಂದು ಗೂಟದ ತುದಿ. ಗಾಡಿಗೆ ಗೂಟ ಏಕೆ? ಇಕ್ಕಳ ತಂದು ಹಿಡಿದು ಅಲ್ಲಾಡಿಸಿ, ಉಸಿರು ಬಿಗಿಹಿಡಿದು ಜಗ್ಗಿದೆ. ಬಂತು.

ನನ್ನ ಲಟ್ಟಣಿಗೆ.

ಆಗ ಎಲ್ಲ ನೆನಪಾಯಿತು. ಖಂಡೆ ಪೂಜೆಯ ದಿನ ಬಾನೆಟ್ ಎತ್ತಿ ಎಂಜಿನ್ನಿಗೆ ವಿಭೂತಿ ಹಚ್ಚಿದ್ದೆ. ನನ್ನ ಎರಡೂ ಆಯುಧಗಳಿಗೆ ಒಂದೇ ಆರತಿ ಆಗಲಿ ಎಂದು ಲಟ್ಟಣಿಗೆಯನ್ನು ಎಂಜಿನ್ನಿನ ಮೇಲೆ ಮಲಗಿಸಿದ್ದೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು, ಒಳಗೆ ಓಡಿದೆ. ಯಜಮಾನರು ಧಡಾರನೆ ಬಾನೆಟ್ ಮುಚ್ಚಿದರು. ದುಂಡಗಿನ ವಸ್ತು, ಉರುಳದೇ ಇನ್ನೇನು ಮಾಡೀತು? ಶಂಕ್ರೆವ್ವನ ಮುಖ ಒಮ್ಮೆ ಕಣ್ಣ ಮುಂದೆ ಬಂತು. ಆ ವಿಚಾರವನ್ನು ಆಮೇಲೆ ನೋಡಿಕೊಂಡರಾಯಿತೆಂದು ಲಟ್ಟಣಿಗೆಯನ್ನು ಸೆರಗಿನೊಳಗೆ ಸೇರಿಸಿದೆ.

ಗಾಡಿ ಶುರು ಮಾಡಿದೆ. ನೀರು ತುಂಬಿದ ವಾಟಿಯನ್ನು ಸ್ಟೇರಿಂಗಿನ ಮುಂದೆ ಇಟ್ಟು ಡಿ ಹಾಕಿದೆ. ಒದೆಯಲಿಲ್ಲ, ನಡುಗಲಿಲ್ಲ, ನೀರು ಅಲುಗಲಿಲ್ಲ. ಹುಬ್ಬಳ್ಳಿಯ ರಬ್ಬರಿಲ್ಲದೆ, ಯಂತ್ರವಿಲ್ಲದೆ, ಒಂದು ಇಕ್ಕಳದಿಂದ ಗಾಡಿ ರಿಪೇರಿ ಮಾಡಿದ ವೀರವನಿತೆ ನಾನು. ಯಜಮಾನರನ್ನು ಕರೆದು ಕೂರಿಸಿದೆ. ಏನು ಮಾಡಿದೆ ಎಂದು ಕೇಳಿದರು. ಸ್ವಲ್ಪ ಅಡ್ಜಸ್ಟ್ ಮಾಡಿದೆ ಎಂದೆ. (ಮೆಕ್ಯಾನಿಕ್‌ಗಳೂ ಇಷ್ಟೇ ಹೇಳುತ್ತಾರೆ.) ಅವರು ಡಿ, ಆರ್ ಎರಡನ್ನೂ ಹಾಕಿ ಹಾಕಿ ನೋಡಿದರು.

"ಇನ್ನ ಮಾರೂದ್ಯಾಕ?" ಎಂದೆ.

"ಮಾತ ಕೊಟ್ಟೇನಿ ಶಾಂತಾ. ಬಾಳೇಶ ಆಗಲೇ ಮುಂಡಗೋಡ ಬಿಟ್ಟಾನ. ಅಂವಗ ಗಾಡಿ ಮನಸಿಗೆ ಬಂದ್ರ ಕೊಡಬೇಕಾಗ್ತೈತಿ."

ಬಾಳೇಶ ಬಂದ. ಕೂತ. ಅಂಗಳದಲ್ಲೇ ಪಿಯಿಂದ ಡಿಗೆ, ಡಿಯಿಂದ ಆರ್‌ಗೆ ಕಡ್ಡಿ ಆಡಿಸಿದ. ಅವನ ಮುಖ ಅರಳುತ್ತಾ ಹೋಯಿತು, ನನ್ನದು ಬಾಡುತ್ತಾ ಹೋಯಿತು. ಬೆಣ್ಣೆ ಸವರಿದ ಹಾಗೆ ಗೇರು ಬೀಳುತ್ತದೆ, ಇದರಲ್ಲಿ ದೋಷ ಹುಡುಕಿದವರಿಗೇ ದೋಷ ಎಂದ. ಚಹಾ ಕುಡಿದು, ದಾಂಡೇಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು ವ್ಯವಹಾರ ಮುಗಿಸುತ್ತೇನೆ ಎಂದ. ನನ್ನ ಕೈಯಾರೆ ರಿಪೇರಿ ಮಾಡಿ ನನ್ನ ಗಾಡಿಯನ್ನು ಮಾರಾಟಕ್ಕೆ ಯೋಗ್ಯ ಮಾಡಿದ್ದೆ!

ಇಬ್ಬರೂ ಪಡಸಾಲೆಗೆ ಹೋದರು. ನಾನು ಚಹಾಕ್ಕೆ ಇಟ್ಟೆ, ಸಣ್ಣ ಉರಿಯಲ್ಲಿ. ಹಿತ್ತಲ ಬಾಗಿಲಿನಿಂದ ಸುತ್ತಿ ಅಂಗಳಕ್ಕೆ ಬಂದೆ. ಖಂಡೆ ಪೂಜೆ ಮಾಡುವುದು ಆಯುಧವನ್ನು ಸಮಯಕ್ಕೆ ಎತ್ತಿಕೊಳ್ಳಲೆಂದೇ ಅಲ್ಲವೆ? ಬಾನೆಟ್ ಎತ್ತಿ, ಸೆರಗಿನಿಂದ ಲಟ್ಟಣಿಗೆ ತೆಗೆದು, ಅದೇ ಸಂದಿಗೆ ಇಳಿಸಿ, ಅಂಗೈಯಿಂದ ಗುದ್ದಿ ಕೂರಿಸಿದೆ.

"ಏನ ಮಾಡಾಕತ್ತಿ?"

ನೋಡಿದರೆ ಅತ್ತೆ. ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು.

"ಗಾಡಿಗೆ ದೃಷ್ಟಿ ತಗ್ಯಾಕತ್ತೇನ್ರಿ ಅತ್ತಿ."

"ಲಟ್ಟಣಗಿಲೆ ದೃಷ್ಟಿ ತಗಿಯೂದು ನಾ ಇವತ್ತ ನೋಡಿದ್ನಿ" ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಚಹಾ ಮುಗಿಸಿ ಬಾಳೇಶ ಹೊರಟ. ಡಿ ಹಾಕಿದ, ಗಾಡಿ ಒದ್ದಿತು. ನಾಕಾ ಮುಟ್ಟುವ ಮೊದಲೇ ತಿರುಗಿ ಬಂದ. ಇಳಿದವನ ಟೋಪಿ ಹಣೆಯ ಮೇಲೆ ಜಾರಿತ್ತು, ದನಿಯಲ್ಲಿ ಇನ್ನೂ ನಡುಕ ಉಳಿದಿತ್ತು.

"ಸಾವಕಾರ್ರ, ಇದಕ ಏನೋ ಹಿಡದೈತ್ರಿ. ನೀವು ಉಳವಿಗೆ ಹೋಗಿ ಬರ್ರಿ ಮೊದಲ" ಎಂದವನು ತನ್ನ ಬೈಕು ಹತ್ತಿ ಹಿಂದೆ ನೋಡದೆ ಹೋದ. ಯಜಮಾನರು ಸೋತ ಮುಖ ಮಾಡಿ, ಈ ದರಿದ್ರ ಗಾಡಿಯನ್ನು ಯಾರೂ ಕೊಳ್ಳುವುದಿಲ್ಲ, ನೀನೇ ಇಟ್ಟುಕೋ ಎಂದರು. ಪಟ್ಟಾಭಿಷೇಕ ಅಂದರೆ ಇದೇ ಇರಬೇಕೆಂದು ನನಗೆ ಅನ್ನಿಸಿತು. ಸಂಭ್ರಮ ತಡೆಯಲಾಗದೆ, ಅವರು ಸ್ನಾನಕ್ಕೆ ಹೋದಾಗ ಲಟ್ಟಣಿಗೆಯನ್ನು ಮತ್ತೆ ಜಗ್ಗಿ ತೆಗೆದು, ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿನೀರಿನಲ್ಲಿ ತೊಳೆದು, ಮಧ್ಯಾಹ್ನದ ಚಪಾತಿಗೆ ಕೂತೆ. ಒಂದನ್ನು ಮಾತ್ರ ನಾನು ಗಮನಿಸಲಿಲ್ಲ. ಎಂಜಿನ್ನಿನ ಯಾವುದೋ ಬೋಲ್ಟಿಗೆ ತಿಕ್ಕಿ ತಿಕ್ಕಿ ಲಟ್ಟಣಿಗೆಯ ನಡುವೆ ಒಂದು ಕಚ್ಚು ಬಿದ್ದಿತ್ತು.

ಊಟಕ್ಕೆ ಕೂತಾಗ ಬಾಗಿಲಲ್ಲಿ ಶಂಕ್ರೆವ್ವ. ಅತ್ತೆಯೇ ಕರೆಸಿದ್ದರು. ತಟ್ಟೆಗೆ ಚಪಾತಿ ಹಾಕಿದೆ. ಅದರ ಮೇಲೆ ಉದ್ದಕ್ಕೂ ಏರಿಗಳು. ಇನ್ನೊಂದು ಹಾಕಿದೆ, ಅದರ ಮೇಲೂ. ಶಂಕ್ರೆವ್ವ ಚಪಾತಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದರ ಮ್ಯಾಲ ಗಾಡಿ ಹಾದು ಹೋಗೇತೇನು?" ಎಂದಳು.

"ಇಲ್ಲವಾ" ಎಂದರು ಅತ್ತೆ. "ಗಾಡ್ಯಾಗಿಂದ ಇದು ಹಾದು ಬಂದೈತಿ."

ಆಮೇಲೆ ಕಟ್ಟೆಯ ಮೇಲಿಂದ ಕಂಡದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಯಜಮಾನರು ಮೊದಲು ನನ್ನನ್ನು ನೋಡಿದರು, ಆಮೇಲೆ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, ಹಾಗಾದರೆ ಗಾಡಿ ಚಲೋ ಐತಿ, ಬಾಳೇಶನಿಗೆ ಹೊಳ್ಳಿ ಫೋನ್ ಮಾಡಲೇ ಎಂದು ಕೇಳಿದರು. ಅತ್ತೆ ಕೈ ಅಡ್ಡ ಹಿಡಿದರು. ಗಾಡಿ ಎಲ್ಲಿಗೂ ಹೋಗಬೇಕಿಲ್ಲ, ಉಳವಿಗೆ ಹೋಗಿ ಬರಲು ಆ ವ್ಯಾಪಾರಿಯೇ ಹೇಳಿದ್ದಾನೆ, ಅಕ್ಷರ ಇರಲಿ ಬಿಡಲಿ ಶಾಂತಾ ತಮ್ಮನ್ನು ಕರೆದೊಯ್ಯುತ್ತಾಳೆ ಎಂದರು. ಗಾಡಿ ನನ್ನದಾಯಿತು. ಇನ್ನು ಯಾರೂ ಅದರ ತಂಟೆಗೆ ಬರುವಂತಿಲ್ಲ.

ಆದರೆ ತೀರ್ಪು ಅಲ್ಲಿಗೆ ಮುಗಿಯಲಿಲ್ಲ.

"ಗಾಡಿ ನಿನ್ನ ಕಡೆ ಇರಲಿ. ಆ ಲಟ್ಟಣಗಿ ಶಂಕ್ರೆವ್ವನ ಮನ್ಯಾಗ ಇರಲಿ" ಎಂದರು ಅತ್ತೆ. "ಆಕಿ ಕಡೆ ಐತಿ ಅಂತ ಓಣಿಗೆಲ್ಲ ಹೇಳಿದಿ. ಸೊಸಿ ಸುಳ್ಳ ಹೇಳಿದ್ಲು ಅಂತ ಆಗಬಾರದು."

ಈಗ ಗಾಡಿಯಲ್ಲಿ ನೀರಿನ ವಾಟಿ ಇಟ್ಟರೂ ತುಳುಕುವುದಿಲ್ಲ. ಮೌಳಂಗಿಯ ತನಕ ಹೂರಣ ಕಣಕದೊಳಗೇ ಇರುತ್ತದೆ. ಹೋಳಿಗೆಯ ಮೇಲಿನ ಏರಿಗಳನ್ನು ನೋಡಿ ಹೋಮ್‌ಸ್ಟೇಯವರು ಇದು ಹಳಿಯಾಳದ ಹಳೆಯ ಪದ್ಧತಿಯೆಂದು ಪ್ರವಾಸಿಗರಿಗೆ ಹೇಳುತ್ತಾರಂತೆ, ಬೇಡಿಕೆ ಹೆಚ್ಚಿದೆ. ಆದರೆ ಪ್ರತಿದಿನ ಬೆಳಿಗ್ಗೆ ಕಣಕ ನಾದಿಟ್ಟು ನಾನು ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕು. ಶಂಕ್ರೆವ್ವ ನಿಧಾನವಾಗಿ ಒಳಗೆ ಹೋಗುತ್ತಾಳೆ, ನಿಧಾನವಾಗಿ ಹೊರಗೆ ಬರುತ್ತಾಳೆ, ಲಟ್ಟಣಿಗೆ ನನ್ನ ಕೈಯಲ್ಲಿಡುತ್ತಾಳೆ. ನಾನು ನಾಲ್ಕು ಹೆಜ್ಜೆ ಹೋದ ಮೇಲೆ, ಓಣಿಗೆಲ್ಲ ಕೇಳುವಂತೆ ಹಿಂದಿನಿಂದ ಕೂಗುತ್ತಾಳೆ:

"ನೆನಪಿಟ್ಟ ಹೊಳ್ಳಿ ತಂದ ಕೊಡವಾ. ಕೆಲವ್ರು ಒಯ್ದದ್ದು ಕೊಡೂದಿಲ್ಲಂತ."