ಮಾವನ ಕೋವಿ, ನನ್ನ ತಿಜೋರಿ

ವಿಮೆ ಮಾಡಿಸಿದ ವಸ್ತುವಿಗೆ ಬೀಗದ ಅಗತ್ಯವಿಲ್ಲ ಎಂಬುದು ಒಂದು ಕಾಲಕ್ಕೆ ನನ್ನ ಅಚಲವಾದ ಸಿದ್ಧಾಂತವಾಗಿತ್ತು. ಅದಕ್ಕೆ ಕಾರಣ ನನ್ನ ನೌಕರಿ. ಚೆನ್ನೈನ ಒಂದು ವಿಮಾ ಕಂಪನಿಯಲ್ಲಿ ಕೂತು ಬೆಂಕಿ, ಪ್ರವಾಹ, ಕಳ್ಳತನ, ದೊಂಬಿಗಳ ವಿರುದ್ಧ ಜನರಿಗೆ ಪಾಲಿಸಿ ಮಾರುವುದೇ ನನ್ನ ಹೊಟ್ಟೆಪಾಡು. ಹೀಗಾಗಿ, ಹುಣಸೂರಿನ ಮಾವನವರು ತಮ್ಮ ಜೋಡುನಳಿಗೆಯ ಕೋವಿಯನ್ನು ನನಗೆ ಒಪ್ಪಿಸಿದಾಗ ನಾನು ಸ್ವಲ್ಪವೂ ಹೆದರಲಿಲ್ಲ. ಹೆದರಬೇಕಾಗಿದ್ದದ್ದು ಕೋವಿ.

ಮಾವನವರು ಮರದ ಡಿಪೋ ನಡೆಸಿದವರು. ಕಣ್ಣಿಗೆ ಪೊರೆ ಬಂದ ಮೇಲೆ ಲೈಸೆನ್ಸನ್ನು ಹಿರಿಯ ಅಳಿಯನಾದ ನನ್ನ ಹೆಸರಿಗೆ ಮಾಡಿಸಿದರು. ಕಿರಿಯ ಅಳಿಯ, ಅಂದರೆ ಮೈಸೂರಿನಲ್ಲಿರುವ ನನ್ನ ಷಡ್ಡಕ, ಆ ಕೋವಿಯ ಮೇಲೆ ಬಹಳ ದಿನಗಳಿಂದ ಕಣ್ಣಿಟ್ಟಿದ್ದ. ಅವನ ಎದುರು ಒಂದು ವಿಷಯದಲ್ಲಾದರೂ ಗೆದ್ದೆನಲ್ಲ ಎಂದು ನನಗೆ ಒಳಗೊಳಗೇ ಖುಷಿ. ಆದರೆ ಮಾವನವರು ಷರತ್ತು ಹಾಕಿದ್ದರು.

"ಆಯುಧಪೂಜೆಗೆ ನಾನೇ ಬತ್ತೀನಿ ಅಳಿಯಂದ್ರೇ. ಕೋವಿ ಭದ್ರವಾಗಿದ್ರೆ ನಿಮ್ದು. ಇಲ್ದಿದ್ರೆ ಮೈಸೂರಿಗೆ."

ತೋಟಾಗಳನ್ನು ಮಾತ್ರ ಕೊಡಲಿಲ್ಲ. ಅಷ್ಟೊಂದು ನಂಬಿಕೆ ಅವರಿಗಿರಲಿಲ್ಲ.

ಅಣ್ಣಾನಗರದ ನಮ್ಮ ಫ್ಲಾಟಿಗೆ ಕೋವಿ ತಂದವನೇ ಅದಕ್ಕೊಂದು ಪಾಲಿಸಿ ಮಾಡಿಸಿ, ಬೀರುವಿನ ಹಿಂದೆ ನಿಲ್ಲಿಸಿದೆ. ನನ್ನ ಪ್ರಕಾರ ಕೆಲಸ ಮುಗಿದಿತ್ತು. ಹೆಂಡತಿ ಗಿರಿಜೆಯ ಪ್ರಕಾರ ಶುರುವೇ ಆಗಿರಲಿಲ್ಲ.

"ಕೊಡೆ ಇಡೋ ಹಾಗೆ ಇಟ್ಟಿದ್ದೀರಲ್ಲ ರೀ, ಕಳ್ಳ ಬಂದ್ರೆ?"

"ಬರಲಿ. ಕಂಪನಿ ದುಡ್ಡು ಕೊಡುತ್ತೆ."

"ಅವನು ಅದನ್ನ ತಗೊಂಡು ಹೋಗಿ ಯಾರಿಗೋ ಹೊಡೆದ್ರೆ? ಸತ್ತವರನ್ನ ನಿಮ್ಮ ಕಂಪನಿ ಎಬ್ಬಿಸಿ ಕೂರಿಸುತ್ತಾ?"

ಇಷ್ಟು ವರ್ಷಗಳಲ್ಲಿ ಯಾವ ಗಿರಾಕಿಯೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಅದು ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಗಂಭೀರವಾಗಿ ತಿಳಿಸಿದೆ.

"ವ್ಯಾಪ್ತಿಗೆ ಬರೋದಿಲ್ವಂತೆ. ತಿಜೋರಿ ತನ್ನಿ. ಹೋಗೋವಾಗ ಕೋವಿಯ ಅಳತೆ ತಗೊಂಡು ಹೋಗಿ."

ಅಳತೆ ತೆಗೆಯುವುದು ದರ್ಜಿಯ ಕೆಲಸ, ಅಧಿಕಾರಿಯ ಕೆಲಸವಲ್ಲ. ಕಣ್ಣಂದಾಜಿನ ಮೇಲೆ ಪೂರ್ಣ ವಿಶ್ವಾಸವಿಟ್ಟು ಪ್ಯಾರಿಸ್ ಕಾರ್ನರ್ ಪೇಟೆಯ ಅಂಗಡಿಯೊಂದಕ್ಕೆ ಹೋಗಿ, ಅಲ್ಲಿದ್ದ ಅತ್ಯಂತ ಭಾರವಾದ ತಿಜೋರಿಯನ್ನು ಆರಿಸಿದೆ. ಅದು ಲಿಫ್ಟಿಗೆ ಹಿಡಿಸಲಿಲ್ಲ. ಕೂಲಿಯವರು ಮೆಟ್ಟಿಲ ಮೇಲೆ ಅದನ್ನು ಹೊತ್ತು ತರುವಾಗ ಹಾಕಿದ ಕೂಗಿಗೆ ಕಟ್ಟಡದ ಎಲ್ಲ ಬಾಗಿಲುಗಳೂ ತೆರೆದುಕೊಂಡವು. ಇಷ್ಟಾಗಿ ಅದು ಮಲಗುವ ಕೋಣೆಯ ಬಾಗಿಲಲ್ಲಿ ತೂರದೆ, ಹಾಲ್‌ನಲ್ಲಿ ಸೋಫಾದ ಪಕ್ಕ, ಬಂದವರಿಗೆಲ್ಲ ಮೊದಲು ಕಾಣುವ ಜಾಗದಲ್ಲಿ ಶಾಶ್ವತವಾಗಿ ನೆಲೆನಿಂತಿತು.

ಕೆಳಗಿನ ಮನೆಯ ಮಾಮಿ ಬಂದು, "ಎನ್ನ ಸಾರ್, ಇವ್ಳೋ ನಗೆಯಾ?" ಎಂದು ಬೆರಗಾದರು. ಅಷ್ಟೊಂದು ಒಡವೆಯೇ ಎಂದು ಅವರ ಪ್ರಶ್ನೆ. ನಾನು ನಕ್ಕು ಸುಮ್ಮನಾದೆ. ಆ ವಾರದೊಳಗೆ, ನಾವು ಟಿ. ನಗರದ ಒಡವೆ ಅಂಗಡಿಯೊಂದನ್ನು ಅರ್ಧಕ್ಕರ್ಧ ಖಾಲಿ ಮಾಡಿಸಿಕೊಂಡು ಬಂದಿದ್ದೇವೆಂಬ ಸುದ್ದಿ ಬೀದಿಯ ಇಸ್ತ್ರಿ ಗಾಡಿಯವರೆಗೂ ತಲುಪಿತ್ತು. ಬೀರುವಿನ ಹಿಂದೆ ಯಾರಿಗೂ ತಿಳಿಯದಂತಿದ್ದ ಕೋವಿಯತ್ತ ನಾನು ಹಣ ಕೊಟ್ಟು ಕಳ್ಳರ ಕಣ್ಣು ತಿರುಗಿಸಿದ್ದೆ.

ಸರಿ, ಕೋವಿಯನ್ನು ಒಳಗಿಡೋಣವೆಂದರೆ ಅದು ತಿಜೋರಿಗಿಂತ ಉದ್ದ.

"ಅಳತೆ?" ಎಂದಳು ಗಿರಿಜೆ. ಹುಣಸೂರಿನಲ್ಲಿ ಅಪ್ಪನ ಜೊತೆ ಕೂತು ಕಲಿತಿದ್ದ ವಿದ್ಯೆಯಿಂದ ನಳಿಗೆಯನ್ನೂ ಮರದ ಹಿಡಿಯನ್ನೂ ಬೇರೆ ಮಾಡಿ, ಎರಡನ್ನೂ ಹಳೆಯ ಪಂಚೆಯಲ್ಲಿ ಸುತ್ತಿ ಒಳಗಿಟ್ಟಳು. ಪಾಲಿಸಿಯನ್ನೂ ಅದರ ಪಕ್ಕದಲ್ಲಿ ನಾನು ಇಟ್ಟೆ. ಬದಲಿ ಕೀಲಿಕೈಗೆ ಮನೆಯಲ್ಲಿ ಎಲ್ಲಕ್ಕಿಂತ ಭದ್ರವಾದ ಜಾಗ ಯಾವುದೆಂದು ಕೂಲಂಕಷವಾಗಿ ವಿಚಾರಮಾಡಿದೆ. ಅದನ್ನೂ ತಿಜೋರಿಯ ಒಳಗೇ ಇಟ್ಟೆ.

ಆಯುಧಪೂಜೆಯ ಹಿಂದಿನ ಸಂಜೆ ಮಾವನವರನ್ನು ಕೋಯಂಬೇಡಿನ ಹೊಸ ಬಸ್ ನಿಲ್ದಾಣದಿಂದ ಕರೆತಂದೆ. ದಾರಿಯಲ್ಲೇ ಮಾರುಕಟ್ಟೆಗೆ ನುಗ್ಗಿ ಬೂದುಗುಂಬಳ, ಬಾಳೆಕಂದು, ಚೆಂಡುಹೂವು ತಂದೆವು. ಅವರು ತಿಜೋರಿಯನ್ನು ಬೆರಳಿನಿಂದ ತಟ್ಟಿ ನೋಡಿ, "ಗಟ್ಟಿಯಾಗೈತೆ," ಎಂದರು. ಆ ಒಂದು ಮಾತಿಗೆ ಹೆಮ್ಮೆಯಿಂದ ನನ್ನ ತಲೆ ತಿರುಗಿತು. ಅವರು ಸ್ನಾನಕ್ಕೆ ಹೋದಾಗ, ಮನೆಯ ಇಕ್ಕಳ, ಸುತ್ತಿಗೆ, ಸ್ಕ್ರೂಡ್ರೈವರ್‌ಗಳನ್ನೆಲ್ಲ ದೇವರ ಮುಂದೆ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚಿದೆ. ಸ್ಕೂಟರಿಗೆ, ಫ್ರಿಜ್ಜಿಗೆ, ಮಿಕ್ಸಿಗೆ ಗಂಧದ ಬೊಟ್ಟಿಟ್ಟೆ. ಬಟ್ಟಲಿನಲ್ಲಿ ಗಂಧ ಇನ್ನೂ ಉಳಿದಿತ್ತು. ಹೊಸದಾಗಿ ಬಂದ ತಿಜೋರಿಗೆ ಒಂದು ಬೊಟ್ಟು ಯಾವ ಲೆಕ್ಕ? ಮೂರು ಬೆರಳು ಅದ್ದಿ ಬಾಗಿಲಿಗೆ ಅಡ್ಡವಾಗಿ ದಪ್ಪ ಪಟ್ಟೆಗಳನ್ನು ಎಳೆದೆ. ನಟ್ಟ ನಡುವೆ ಕುಂಕುಮ ಇಡಲು ಸರಿಯಾದ ಜಾಗವೆಂದರೆ ಕೀಲಿ ತೂರಿಸುವ ರಂಧ್ರ. ಅದರ ತುಂಬ ಗಂಧ ಒತ್ತಿ, ಮೇಲೆ ಕುಂಕುಮವಿಟ್ಟೆ. ನೋಡಲು ಬಹಳ ಲಕ್ಷಣವಾಗಿತ್ತು.

ಬೆಳಿಗ್ಗೆ ಮಾವನವರು ರೇಷ್ಮೆ ಪಂಚೆಯುಟ್ಟು ಮಣೆಯ ಮೇಲೆ ಕೂತರು. "ಕೋವಿ ತನ್ನಿ ಅಳಿಯಂದ್ರೇ."

ಕೀಲಿಕೈ ಒಳಗೆ ಹೋಗಲಿಲ್ಲ. ಒತ್ತಿದೆ, ಅರ್ಧ ಹೋಯಿತು. ಗಂಧ ರಾತ್ರಿಯಿಡೀ ಒಣಗಿ ಸಿಮೆಂಟಾಗಿತ್ತು. ಅಡುಗೆಮನೆಗೆ ಓಡಿ ಕೊಬ್ಬರಿ ಎಣ್ಣೆ ತಂದು ಹುಯ್ದೆ. ಈಗ ಸಿಮೆಂಟು ಕಣಕವಾಯಿತು. ಸೂಜಿಯಿಂದ ಕೆದಕಿದೆ. ಸೂಜಿ ಒಳಗೇ ಮುರಿಯಿತು. ಮಾವನವರು ಕಣ್ಣುಮುಚ್ಚಿ ಮಂತ್ರ ಹೇಳಿಕೊಳ್ಳುತ್ತಿದ್ದ ಸಮಯ ನೋಡಿ ದೇವರ ಮುಂದಿನ ಸಾಲಿನಿಂದ ಇಕ್ಕಳ ಎಗರಿಸಿ, ಕೀಲಿಕೈಯನ್ನು ಹಿಡಿದು ಬಲವಾಗಿ ತಿರುಗಿಸಿದೆ. ಕಟ್ ಎಂದಿತು. ನನ್ನ ಕೈಯಲ್ಲಿ ಕೀಲಿಕೈಯ ತಲೆ ಮಾತ್ರ ಉಳಿದಿತ್ತು.

"ಪೂಜೆಗಿಟ್ಟ ಇಕ್ಕಳ ಮುಟ್ಟಿದ್ರಾ?" ಗಿರಿಜೆ ಪಿಸುಗುಟ್ಟಿದಳು.

"ತುರ್ತು ಪರಿಸ್ಥಿತಿ."

"ಇನ್ನೊಂದು ಕೀಲಿಕೈ ಎಲ್ಲಿ?"

"ಭದ್ರವಾಗಿದೆ," ಎಂದೆ. ಅವಳಿಗೆ ಅರ್ಥವಾಯಿತು. ಹಣೆ ಹಣೆ ಚಚ್ಚಿಕೊಂಡಳು.

ಬೀಗ ರಿಪೇರಿಯವನನ್ನು ಹುಡುಕಿಕೊಂಡು ಸ್ಕೂಟರಿನಲ್ಲಿ ಹೊರಟೆ. ಮೊದಲು ಸಿಕ್ಕವನು ಅಂಗಡಿಗೆ ಮಾವಿನೆಲೆ ಕಟ್ಟುತ್ತಿದ್ದ. "ಸಾಮಾನೆಲ್ಲಾಂ ಸಾಮಿಕಿಟ್ಟ ವೆಚ್ಚಾಚ್ಚು ಸಾರ್. ನಾಳೈಕ್ಕಿತ್ತಾನ್ ತೊಡುವೇನ್," ಎಂದ. ಅವನ ಸಲಕರಣೆಗಳೆಲ್ಲ ದೇವರ ಹತ್ತಿರ ಸೇರಿಬಿಟ್ಟಿದ್ದವು. ಅವನು ಅವನ್ನು ಮುಟ್ಟುವುದು ನಾಳೆಯೇ. ನನ್ನ ಕೋವಿಯ ಪೂಜೆ ನಿಂತುಹೋಗುತ್ತದೆಂದು ಹೇಳಿದೆ. ತನ್ನ ಉಳಿಯ ಪೂಜೆ ನಿಲ್ಲಿಸಲೇ ಎಂದು ಕೇಳಿದ. ಎರಡನೆಯವನೂ ಅದನ್ನೇ ಹೇಳಿ ಪ್ರಸಾದದ ಕಡಲೆಪುರಿಯ ಪೊಟ್ಟಣ ಕೊಟ್ಟು ಕಳಿಸಿದ. ಆಟೋ ಸ್ಟ್ಯಾಂಡಿನಲ್ಲಿ ಒಂದು ಹಾರೆ ಕಂಡಿತು. ಹತ್ತಿರ ಹೋದರೆ ಅದಕ್ಕೂ ಹೂವಿನ ಹಾರ ಹಾಕಿದ್ದರು. ಆ ದಿನ ಇಡೀ ಚೆನ್ನೈನಲ್ಲಿ ಪೂಜೆಗೆ ಸಿಗದೆ ಉಳಿದ ಆಯುಧ ಒಂದೇ, ನನ್ನ ಮಾವನದು.

ಹತಾಶನಾಗಿ, ನಮ್ಮ ಕಂಪನಿಯಲ್ಲಿ ಪರಿಹಾರದ ಅರ್ಜಿಗಳನ್ನು ನೋಡುವ ಗೆಳೆಯ ಶೇಖರನಿಗೆ ಮೊಬೈಲಿನಲ್ಲಿ ಫೋನು ಮಾಡಿದೆ. ಅವನೂ ನನ್ನಂತೆ ಕನ್ನಡಿಗ, ಮಂಡ್ಯದ ಕಡೆಯವನು.

"ಕೋವಿ ಕಳುವಾಯ್ತಾ?" ಎಂದ.

"ಇಲ್ಲ."

"ಸುಟ್ಟುಹೋಯ್ತಾ?"

"ಇಲ್ಲಪ್ಪ. ತಿಜೋರಿ ಒಳಗಿದೆ. ತೆಗೆಯೋಕೆ ಬರ್ತಾ ಇಲ್ಲ."

"ಮತ್ತಿನ್ನೇನು? ಇಷ್ಟು ಭದ್ರವಾಗಿ ಇಟ್ಟುಕೊಂಡ ಗಿರಾಕಿನ ನಾನು ನೋಡೇ ಇಲ್ಲ," ಎಂದು ಫೋನ್ ಇಟ್ಟ.

ಬೀಗದವನಿಲ್ಲದೆ ಬರೀ ಪೊಟ್ಟಣ ಹಿಡಿದು ಮನೆಗೆ ಬಂದೆ. ಮಾವನವರು ಮಣೆಯನ್ನು ಎತ್ತಿ ತಿಜೋರಿಯ ಮುಂದೆ ಹಾಕಿಕೊಂಡು, ಮುಚ್ಚಿದ ಬಾಗಿಲಿಗೆ ಹೂವು ಏರಿಸಿ ಮಂಗಳಾರತಿ ಮಾಡಿದರು. ಅವರ ಅಪ್ಪನ ಕಾಲದಿಂದ ಒಂದು ವರ್ಷವೂ ತಪ್ಪದೆ ಪೂಜೆ ಕಂಡ ಕೋವಿ ಅದು. ನನಗೆ ನಾಚಿಕೆಯಾಯಿತು. ಷಡ್ಡಕನ ನೆನಪು ಕೂಡ ಬಂತು. ನಾಚಿಕೆ ಇನ್ನೂ ಹೆಚ್ಚಾಯಿತು.

ವಿಜಯದಶಮಿಯ ದಿನ ಬೀಗದವನು ಬಂದು ನೋಡಿ ಕೈಚೆಲ್ಲಿದ. ಕೊನೆಗೆ ಗ್ಯಾಸ್ ಕಟ್ಟರಿನವರು ಬಂದು, ಕಿಡಿ ಹಾರಿಸಿ, ನಮ್ಮ ಸೋಫಾವನ್ನು ಅಲ್ಲಲ್ಲಿ ಸುಟ್ಟು, ತಿಜೋರಿಯ ಬಾಗಿಲನ್ನು ಕತ್ತರಿಸಿ ಹಾಕಿದರು. ಕೋವಿಗೆ ಏನೂ ಆಗಿರಲಿಲ್ಲ. ಗಿರಿಜೆ ಎರಡು ಭಾಗಗಳನ್ನೂ ಜೋಡಿಸಿ ಅಪ್ಪನ ಕೈಗಿಟ್ಟಳು. ಅವರು ನಳಿಗೆಯನ್ನು ಮೃದುವಾಗಿ ಒರೆಸಿದರು.

"ಪೆಟ್ಟಿಗೆ ಗಟ್ಟಿಯಾಗೇ ಇತ್ತು ಅಳಿಯಂದ್ರೇ. ಪಾಲಿಸಿನೂ ಐತೆ. ಆದ್ರೂ ಕೋವಿ ನಿಮ್ಮ ಕೈಲಿ ಬ್ಯಾಡ."

"ಮೈಸೂರಿಗಾ ಮಾವ?" ಎಂದೆ.

"ಅವ್ನಿಗಾ? ಅವ್ನು ಗೋಡೆಗೆ ನೇತಾಕಿ ಬಂದೋರ್ಗೆಲ್ಲ ತೋರಿಸ್ತಾನೆ. ಲೈಸೆನ್ಸು ಗಿರಿಜೆ ಹೆಸ್ರಿಗೆ ಆಗ್ಲಿ. ಅಲ್ಲೀಗಂಟ ಬಂದೂಕಿನ ಅಂಗಡಿಯೋರ ಭದ್ರ ಕೋಣೇಲಿ ಇರ್ಲಿ."

"ಮೊದಲೇ ನನಗೆ ಕೊಟ್ಟಿದ್ರೆ ಆಗ್ತಿರಲಿಲ್ವಾ ಅಪ್ಪಾಜಿ?" ಎಂದಳು ಗಿರಿಜೆ. ಮಾವನವರು ನನ್ನ ಕಡೆ ನೋಡಿದರು. ನಾನು ಸೋಫಾದ ತೂತುಗಳನ್ನು ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಕೋವಿ ಹೋಯಿತು, ಮಾನವೂ ಹೋಯಿತು, ತಿಜೋರಿಯ ದುಡ್ಡಾದರೂ ಬರಲಿ ಎಂದು ಶೇಖರನ ಮುಂದೆ ಹೋಗಿ ಕೂತೆ. ಮನೆ ಸಾಮಾನಿನ ಪಾಲಿಸಿಯಲ್ಲಿ ತಿಜೋರಿಯನ್ನೂ ಸೇರಿಸಿದ್ದೆನಲ್ಲ. ಅವನು ನನ್ನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ. ಅಕ್ಕಪಕ್ಕದ ಮೇಜಿನವರನ್ನು ಕರೆದು ಮತ್ತೊಮ್ಮೆ ಹೇಳಿಸಿದ. ಆಮೇಲೆ ಕಣ್ಣೊರೆಸಿಕೊಂಡು, ನಾನೇ ಮಾರಿದ್ದ, ನಾನೇ ರುಜು ಹಾಕಿದ್ದ ಆ ಪಾಲಿಸಿಯನ್ನು ನನ್ನ ಕಡೆಗೆ ತಿರುಗಿಸಿ ಓದಲು ಹೇಳಿದ. ಬೆಂಕಿಯಿಂದ ರಕ್ಷಣೆಯಿತ್ತು. ಪ್ರವಾಹದಿಂದ, ಕಳ್ಳರಿಂದ, ದೊಂಬಿಯಿಂದ ರಕ್ಷಣೆಯಿತ್ತು. ನನ್ನಿಂದ ಇರಲಿಲ್ಲ.